ಪೊಟ್ಟಣದ ಮೇಲಿನ ‘ಒಂದು ಸರ್ವಿಂಗ್’ ಯಾರ ಲೆಕ್ಕ?

ಪ್ರಶ್ನೆ (ಶಿರಸಿಯಿಂದ):
ಅಪ್ಪನಿಗೆ ರಕ್ತದೊತ್ತಡವಿರುವುದರಿಂದ ಉಪ್ಪು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ ಮೇಲೆ, ಅಂಗಡಿಯಿಂದ ತಂದ ಪ್ರತಿಯೊಂದು ಪೊಟ್ಟಣದ ಹಿಂಬದಿಯನ್ನು ಓದುವ ಅಭ್ಯಾಸ ನನಗಾಗಿದೆ. ಮೊನ್ನೆ ತಂದ 150 ಗ್ರಾಂ ಖಾರಾ ಮಿಕ್ಸ್ಚರಿನ ಮೇಲೆ, ಒಂದು ಸರ್ವಿಂಗಿನಲ್ಲಿ, ಅಂದರೆ ಒಮ್ಮೆ ತಿನ್ನುವ ಪ್ರಮಾಣದಲ್ಲಿ, ಉಪ್ಪಿನಲ್ಲಿರುವ ಸೋಡಿಯಂ ದಿನದ ಮಿತಿಯ ಶೇ. 12ರಷ್ಟು ಇದೆಯೆಂದು ಬರೆದಿತ್ತು. ಸಮಾಧಾನವಾಯಿತು, ಆದರೆ ಒಂದು ಸರ್ವಿಂಗ್ ಎಂದರೆ 30 ಗ್ರಾಂ ಎಂಬುದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ತೂಗಿ ನೋಡಿದರೆ ಅದು ಬಟ್ಟಲಿನ ತಳ ಮುಚ್ಚುವಷ್ಟೇ ಆಯಿತು. ಅಪ್ಪ ಸಂಜೆ ಚಹಾದೊಂದಿಗೆ ತಿನ್ನುವುದು 75 ಗ್ರಾಂ. ಈ 30 ಗ್ರಾಂ ಎಂದು ನಿಗದಿ ಮಾಡುವವರು ಯಾರು?

ಉತ್ತರ 1 (ಕುಮಟಾದಿಂದ):
ನಮ್ಮಲ್ಲಿ ಅದನ್ನು ಬಹುಮಟ್ಟಿಗೆ ತಯಾರಕರೇ ನಿರ್ಧರಿಸುತ್ತಾರೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ ಪೋಷಕಾಂಶಗಳ ಪ್ರಮಾಣವನ್ನು 100 ಗ್ರಾಂ ಅಥವಾ 100 ಮಿಲಿ ಲೀಟರಿಗೆ ಕೊಡಬೇಕು. ಶೇಕಡಾವಾರು ಮಾತ್ರ ಒಂದು ಸರ್ವಿಂಗಿನ ಲೆಕ್ಕದಲ್ಲಿ, ದಿನಕ್ಕೆ 2000 ಕಿಲೊ ಕ್ಯಾಲರಿ, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ ಎಂದು ಹಿಡಿದು ಬರುತ್ತದೆ. ನಿಮ್ಮ ಪೊಟ್ಟಣದ ಶೇ. 12 ಎಂದರೆ 240 ಮಿಲಿಗ್ರಾಂ ಸೋಡಿಯಂ. ತಂದೆಯವರ 75 ಗ್ರಾಮಿಗೆ ಅದು 600 ಆಗುತ್ತದೆ. ಸೋಡಿಯಂ ಅನ್ನು ಉಪ್ಪಿನ ಲೆಕ್ಕಕ್ಕೆ ತರಲು ಎರಡೂವರೆಯಿಂದ ಗುಣಿಸಿದರೆ ಒಂದೂವರೆ ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನ ಮಗನಂತೂ ಶಿರಸಿಯಲ್ಲಿ ಬಸ್ಸು ಹತ್ತಿದಾಗ ಒಡೆದ ಇಂಥ ಪೊಟ್ಟಣವನ್ನು ದೇವಿಮನೆ ಘಟ್ಟ ಇಳಿಯುವುದರೊಳಗೆ ಖಾಲಿ ಮಾಡುತ್ತಾನೆ. ಅವನ ಲೆಕ್ಕ ಶೇ. 60.

ಉತ್ತರ 2 (ಕಾರವಾರದಿಂದ, ಕಿರಾಣಿ ಅಂಗಡಿಯವನು):
ಅಮೆರಿಕದಲ್ಲಿ ಈ ಪ್ರಮಾಣಕ್ಕೆ ಸರಕಾರದ್ದೇ ಆಧಾರವಿದೆ. ಜನ ನಿಜವಾಗಿ ತಿನ್ನುವುದು ಹೆಚ್ಚಾಯಿತೆಂದು 2016ರಲ್ಲಿ ಐಸ್ ಕ್ರೀಮಿನ ಅಳತೆಯನ್ನು ಅರ್ಧ ಕಪ್ಪಿನಿಂದ ಮೂರನೇ ಎರಡು ಕಪ್ಪಿಗೆ ಏರಿಸಿದರು. ಆದರೂ ಅಲ್ಲಿ ಸರ್ವಿಂಗಿಗೆ ಅರ್ಧ ಗ್ರಾಮಿಗಿಂತ ಕಡಿಮೆ ಸಕ್ಕರೆಯಿದ್ದರೆ ಸೊನ್ನೆ ಎಂದು ಬರೆಯಬಹುದಾದ್ದರಿಂದ, ಬಹುಪಾಲು ಸಕ್ಕರೆಯೇ ಆದ ಪುಟ್ಟ ಮಿಠಾಯಿಯೂ ಸೊನ್ನೆ ಸಕ್ಕರೆಯದಾಗುತ್ತದೆ. ನನ್ನ ಅಂಗಡಿಯಲ್ಲಿ ಬೇರೆ ತಮಾಷೆ ಕಂಡಿದ್ದೇನೆ: ಕೋಕಂ ಸಿರಪ್ಪಿನ ಎರಡು ಬಾಟಲಿಗಳಲ್ಲಿ ಒಂದರ ಸಕ್ಕರೆಯ ಅಂಕಿ ಗಟ್ಟಿ ಸಿರಪ್ಪಿನದು, ಇನ್ನೊಂದರದು ನೀರು ಬೆರೆಸಿದ ಪಾನಕದ್ದು. ಗಿರಾಕಿಗಳು ಎರಡನೆಯದನ್ನೇ ಆರಿಸುತ್ತಿದ್ದರು.

ಉತ್ತರ 3 (ಸಿದ್ದಾಪುರದಿಂದ):
ಸರ್ವಿಂಗಿನ ಲೆಕ್ಕವೆಲ್ಲ ಮೋಸವೆನ್ನಲಾಗದು. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಯಾರೂ 100 ಗ್ರಾಂ ತಿನ್ನುವುದಿಲ್ಲ. ಅಲ್ಲಿ ನೂರರ ಅಂಕಣವೇ ವಿನಾಕಾರಣ ಹೆದರಿಸುತ್ತದೆ. ಆದರೆ ಎರಡು ಮಿಕ್ಸ್ಚರುಗಳನ್ನು ಹೋಲಿಸುವಾಗ ನೂರರ ಅಂಕಣವೇ ಬೇಕು, ಏಕೆಂದರೆ ಒಬ್ಬರು 20 ಗ್ರಾಂ, ಇನ್ನೊಬ್ಬರು 30 ಗ್ರಾಂ ಹಿಡಿದಿರುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಇಂದಿನಿಂದ ಮಿಕ್ಸ್ಚರನ್ನು ತುಪ್ಪದ ಗಿಂಡಿಯಷ್ಟೇ ಇರುವ ಬಟ್ಟಲಿನಲ್ಲಿ ಕೊಡುತ್ತಿದ್ದೇನೆ. ಆದರೆ ಉಪ್ಪಿನಕಾಯಿಯ ಮಾತು ಬಂದಾಗ ನೆನಪಾಯಿತು: ನಮ್ಮ ಮಿಡಿ ಮನೆಯದೇ, ಭರಣಿಯ ಮೇಲೆ ಲೇಬಲ್ ಇಲ್ಲ, ಅಪ್ಪ ಊಟಕ್ಕೆ ಎರಡು ಹಾಕಿಕೊಳ್ಳುತ್ತಾರೆ.