ಅಗ್ಗದ ಡ್ರೋನ್ ರಿಪೇರಿ, ಅಪ್‌ಗ್ರೇಡ್: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎಸ್.ಪಿ. ರೋಡ್ ಹತ್ತಿರ ಡ್ರೋನ್, ಆರ್‌ಸಿ ಕಾರು ರಿಪೇರಿ ಮಾಡುವ ನಮ್ಮ ಸದಸ್ಯರು ಇವತ್ತು ಬಿಡುವು ಮಾಡಿಕೊಂಡು ಉತ್ತರ ಕೊಡುತ್ತಾರೆ. ಮಕ್ಕಳಿಗೆ ಕೊಡಿಸುವ ಅಗ್ಗದ ಡ್ರೋನ್‌ಗಳ ಬಗ್ಗೆ ಮಾತ್ರ ಕೇಳಿ. ಹೆಸರಿನ ಬದಲು ನಿಮ್ಮ ಏರಿಯಾ ಹಾಕಿ. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳಬೇಡಿ.

ಗಿರಿನಗರ: ಸರ್ ನಮಸ್ತೆ. ನನ್ನ ಡ್ರೋನ್ ಏಳು ನಿಮಿಷ ಹಾರುತ್ತದೆ. 500 ಎಂಎಎಚ್ ಬ್ಯಾಟರಿ ತೆಗೆದು 1200ರದ್ದು ಹಾಕಿದರೆ ಡಬಲ್ ಹಾರುತ್ತಾ?

ರಿಪೇರಿಯವರು: ನಮಸ್ತೆ. ಹಾರಲ್ಲ. ಬ್ಯಾಟರಿ ದೊಡ್ಡದಾದರೆ ತೂಕವೂ ಜಾಸ್ತಿ. ಆ ತೂಕ ಎತ್ತುವುದಕ್ಕೇ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ, ಅದರೊಳಗೆ ಕರೆಂಟ್ ದಾಟಿಸುವ ಬ್ರಷ್ ಬೇಗ ಸವೆಯುತ್ತದೆ. ಆ ದುಡ್ಡಿಗೆ ಈಗಿನ ಅಳತೆಯದೇ ಇನ್ನೊಂದು ಬ್ಯಾಟರಿ ತಗೊಂಡು ಬದಲಾಯಿಸಿ ಹಾರಿಸಿ.

ಕೆಂಗೇರಿ: ಮಾವಿನ ಮರಕ್ಕೆ ಬಡಿದು ಬಿದ್ದ ಮೇಲೆ ಮುಂದಿನ ಎಡಗಡೆ ಮೋಟರ್ ತಿರುಗುತ್ತಿಲ್ಲ. ಬೋರ್ಡ್ ಹೋಗಿದೆ, ಹೊಸ ಡ್ರೋನೇ ತಗೊಳ್ಳಿ ಅಂತ ಅಂಗಡಿಯಲ್ಲಿ ಹೇಳಿದರು.

ರಿಪೇರಿಯವರು: ನೋಡದೆ ಬೋರ್ಡ್ ಅನ್ನಬಾರದು. ಮೊದಲು ರೆಕ್ಕೆ ಕಿತ್ತು ಶಾಫ್ಟ್ ನೋಡಿ. ಮುಕ್ಕಾಲು ಪಾಲು ಕೂದಲು, ದಾರ ಸುತ್ತಿಕೊಂಡಿರುತ್ತದೆ. ಅದಲ್ಲದಿದ್ದರೆ ಆ ಮೋಟರನ್ನೂ ಹಿಂದಿನ ಬಲಗಡೆಯದನ್ನೂ ಅದಲುಬದಲು ಮಾಡಿ ಬೆಸುಗೆ ಹಾಕಿ. ಎದುರು ಮೂಲೆಯ ಮೋಟರ್‌ಗಳು ಒಂದೇ ದಿಕ್ಕಿಗೆ ತಿರುಗುತ್ತವೆ, ಅದಕ್ಕೆ ಅವೆರಡೇ. ತೊಂದರೆ ಮೋಟರ್ ಜೊತೆ ಹಿಂದಕ್ಕೆ ಹೋದರೆ ಮೋಟರ್ ಸತ್ತಿದೆ. ಮುಂದೆಯೇ ಉಳಿದರೆ ಬೋರ್ಡಿನಲ್ಲಿ ಮೋಟರಿಗೆ ಕರೆಂಟ್ ಬಿಡುವ ಮಾಸ್‌ಫೆಟ್ ಇಲ್ಲವೇ ತಂತಿ. ವೈರ್ ಬಣ್ಣ ನೋಡಿ ಮೋಟರ್ ತಗೊಳ್ಳಿ: ಕೆಂಪು-ನೀಲಿ ಒಂದು ದಿಕ್ಕು, ಕಪ್ಪು-ಬಿಳಿ ಇನ್ನೊಂದು. ಉದ್ದ, ದಪ್ಪ ಎರಡೂ ಅಳೆಯಿರಿ. 720 ಅಂದರೆ 7 ಮಿ.ಮೀ. ದಪ್ಪ, 20 ಮಿ.ಮೀ. ಉದ್ದ. 8520 ಅಂದರೆ ಎಂಟೂವರೆ, ಇಪ್ಪತ್ತು.

ಕೆ.ಆರ್. ಪುರ: ಸರ್, ರಿಮೋಟ್ ಮೂವತ್ತು ಮೀಟರ್‌ಗೇ ಬಿಟ್ಟುಹೋಗುತ್ತದೆ. ಆಂಟೆನಾ ವೈರ್ ಉದ್ದ ಮಾಡಬಹುದಾ?

ಹೆಬ್ಬಾಳ: ಸರ್, 1000 ಎಂಎಎಚ್ ಹಾಕಿದರೆ?

ರಿಪೇರಿಯವರು: ಮೇಲೆ ಓದಿ.

ವಿಜಯನಗರ: ಸರ್, ಮಗ ಹತ್ತನೇ ಕ್ಲಾಸು. ಅವನ ಡ್ರೋನ್ ಬ್ಯಾಟರಿ ಪೂರಿ ಥರ ಉಬ್ಬಿದೆ. ಆದರೂ ಚಾರ್ಜ್ ಆಗುತ್ತದೆ, ಹಾರುತ್ತದೆ. ರಾತ್ರಿ ಮಂಚದ ಮೇಲೇ ಚಾರ್ಜಿಗೆ ಹಾಕಿ ಮಲಗುತ್ತಾನೆ. ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜ್ ಬಂದಿತ್ತು. ಸೂಜಿಯಿಂದ ಚುಚ್ಚಿ ಗ್ಯಾಸ್ ಬಿಟ್ಟು, ಟೇಪ್ ಹಾಕಿ, ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ಟರೆ ಹೊಸದರಂತೆ ಆಗುತ್ತದಂತೆ. ಮಾಡಬಹುದಾ?

ರಿಪೇರಿಯವರು: ಈಗ ಚಾರ್ಜಿನಲ್ಲಿ ಇದೆಯಾ? ಮೊದಲು ಅದು ಹೇಳಿ.

ವಿಜಯನಗರ: ಹೌದು ಸರ್, ಬೆಳಗ್ಗೆ ಹಾಕಿದ್ದಾನೆ.

ರಿಪೇರಿಯವರು: ಗೋಡೆಯ ಸ್ವಿಚ್ ಆಫ್ ಮಾಡಿ. ಆಮೇಲೆ ಓದಿ.

ಬ್ಯಾಟರಿಯನ್ನು ಒತ್ತದೆ, ಮಡಿಸದೆ ಎತ್ತಿ. ಹಳೇ ಸ್ಟೀಲ್ ಪಾತ್ರೆಯಲ್ಲೋ ಮಣ್ಣಿನ ಕುಂಡದಲ್ಲೋ ಒಣ ಮರಳು ಹಾಕಿ ಅದರಲ್ಲಿ ಇಡಿ. ಮುಚ್ಚಳ ಬಿಗಿಯಬೇಡಿ. ಬಾಲ್ಕನಿಯಲ್ಲಿ ನೆರಳಿರುವ ಜಾಗ, ಬಟ್ಟೆ, ಪೇಪರ್, ಸಿಲಿಂಡರ್ ಯಾವುದೂ ಹತ್ತಿರ ಇರಬಾರದು. ಕನೆಕ್ಟರ್ ಬಾಯಿಗೆ ಟೇಪ್ ಸುತ್ತಿ. ಇನ್ನು ಮುಂದೆ ಅದನ್ನು ಚಾರ್ಜ್ ಮಾಡುವುದೂ ಇಲ್ಲ, ಹಾರಿಸುವುದೂ ಇಲ್ಲ.

ಸೂಜಿ ವಿಷಯ. ಅದರೊಳಗೆ ಎರಡು ಪದರ ಇರುತ್ತವೆ, ನಡುವೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ. ಸೂಜಿ ಹೋದರೆ ಆ ಎರಡು ಪದರ ಸೇರಿಕೊಳ್ಳುತ್ತವೆ. ಒಳಗಿರುವ ಚಾರ್ಜ್ ಅಷ್ಟೂ ಒಂದೇ ಕಡೆ ಬಿಸಿಯಾಗಿ ಹೊರಬರುತ್ತದೆ. ಉಬ್ಬಿಸಿರುವ ಗ್ಯಾಸ್ ಗಾಳಿ ಅಲ್ಲ, ಒಳಗಿನ ರಾಸಾಯನಿಕ, ಅಂದರೆ ಎಲೆಕ್ಟ್ರೊಲೈಟ್, ಕೆಟ್ಟು ಬಂದದ್ದು, ಹೊತ್ತಿಕೊಳ್ಳುವಂಥದ್ದು. ಅದನ್ನು ಮುಖದ ಮುಂದೆ ಹಿಡಿದು ಚುಚ್ಚಿ ಅಂತ ಫಾರ್ವರ್ಡ್ ಮಾಡುವವರಿಗೆ ಏನು ಹೇಳುವುದು. ಫ್ರೀಜರ್ ಕೂಡ ಸುಮ್ನೆ. ಕೆಟ್ಟದ್ದು ತಂಪಾದರೆ ಸರಿಹೋಗಲ್ಲ, ಆಚೆ ತೆಗೆದಾಗ ಮೇಲೆಲ್ಲ ನೀರು ಕೂರುತ್ತದೆ ಅಷ್ಟೇ.

ಯಾಕೆ ಉಬ್ಬಿತು ಅಂದರೆ, ಹುಡುಗರು ಡ್ರೋನ್ ತಾನಾಗಿ ಬೀಳುವ ತನಕ ಹಾರಿಸುತ್ತಾರೆ. ಈ ಸೆಲ್ ಫುಲ್ ಆದಾಗ 4.2 ವೋಲ್ಟ್. 3.0ಕ್ಕಿಂತ ಕೆಳಗೆ ಇಳಿಸಿದರೆ ಒಳಗೆ ಕೆಡುವುದಕ್ಕೆ ಶುರು. ಬಿದ್ದ ಪೆಟ್ಟೂ ಸೇರಿರುತ್ತದೆ. ಹೊಸದು ಬಂದ ಮೇಲೆ ಡ್ರೋನಿನ ಲೈಟ್ ಮಿನುಗಿದ ಕೂಡಲೇ ಇಳಿಸಲಿ. ಕೈಗೆ ತಣ್ಣಗೆ ಹತ್ತುವ ತನಕ ಬಿಟ್ಟು ಚಾರ್ಜ್ ಮಾಡಲಿ, ಎಚ್ಚರ ಇರುವಾಗ, ಟೈಲ್ಸ್ ಮೇಲೆ. ಪರೀಕ್ಷೆ ಸಮಯದಲ್ಲಿ ಎತ್ತಿಡುವುದಾದರೆ 3.8 ವೋಲ್ಟ್ ಹತ್ತಿರ, ಅಂದರೆ ಅರ್ಧ ಚಾರ್ಜಿನಲ್ಲಿ.

ಕಸದ ಆಟೋಗೆ ಮಾತ್ರ ಹಾಕಬೇಡಿ. ಕಾಂಪ್ಯಾಕ್ಟರ್ ಲಾರಿ ಅದುಮಿದಾಗ ಹೊತ್ತಿಕೊಳ್ಳಬಹುದು. ಇ-ವೇಸ್ಟ್ ತಗೊಳ್ಳುವ ಕಡೆ, ಉಬ್ಬಿದೆ ಅಂತ ಹೇಳಿಯೇ ಕೊಡಿ.

ಮಲ್ಲೇಶ್ವರ: ಇಷ್ಟೆಲ್ಲಾ ಯಾಕೆ? ಉಪ್ಪು ನೀರಿನಲ್ಲಿ ಒಂದು ದಿನ ಮುಳುಗಿಸಿದರೆ ಚಾರ್ಜ್ ಪೂರ್ತಿ ಇಳಿಯುತ್ತದೆ. ವಿಡಿಯೊ ಇದೆ, ಹಾಕಲಾ?

ರಿಪೇರಿಯವರು: ಬೇಡ. ಉಪ್ಪು ನೀರು ಮೊದಲು ತಿನ್ನುವುದು ಹೊರಗಿನ ಲೋಹವನ್ನು. ಅದು ತುಂಡಾದರೆ ಚಾರ್ಜ್ ಒಳಗೇ ಉಳಿಯುತ್ತದೆ. ನೀವು ಇಳಿದಿದೆ ಅಂದುಕೊಂಡು ಬಿಸಾಕುತ್ತೀರಿ.

ಮಲ್ಲೇಶ್ವರ: ವಿಡಿಯೊದಲ್ಲಿ ಇರುವವರು ಎಂಜಿನಿಯರ್ ಸರ್.

ರಿಪೇರಿಯವರು: ಹಾಗಾದರೆ ಅವರನ್ನೇ ಕೇಳಿ.

ನಾಗರಭಾವಿ: ನಮಸ್ತೆ ಸರ್. ನನ್ನ ಡ್ರೋನ್ ಹಾಲ್‌ನಲ್ಲಿ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಸಂಜೆ ಟೆರೇಸಿನಲ್ಲೂ ಸರಿ. ಮಧ್ಯಾಹ್ನ ಟೆರೇಸಿಗೆ ಒಯ್ದರೆ ಮಾತ್ರ ತಾನಾಗೇ ಸರ್ರನೆ ಮೇಲೇರುತ್ತದೆ, ಇಲ್ಲವೇ ಧಡ್ ಅಂತ ಕೂರುತ್ತದೆ. ಗಾಳಿ ಇಲ್ಲದ ದಿನವೂ ಹೀಗೆ. ಗೈರೊ (ತಿರುಗುವುದನ್ನು ಅಳೆಯುವ ಸೆನ್ಸರ್) ಕ್ಯಾಲಿಬ್ರೇಷನ್ ಮಾಡಿಯಾಯ್ತು.

ರಿಪೇರಿಯವರು: ನೀರಿನ ಟ್ಯಾಂಕ್ ನೆರಳಿಂದ ಬಿಸಿಲಿಗೆ ಬರುವಾಗ ಜಾಸ್ತಿಯಾ? ಮೇಲಿನ ಕವರ್ ಯಾವಾಗಲಾದರೂ ಬಿಚ್ಚಿದ್ದೀರಾ?

ನಾಗರಭಾವಿ: ಹೌದು! ನೆರಳು ದಾಟಿದಾಗಲೇ. ಕವರ್ ಈಗ ಇಲ್ಲವೇ ಇಲ್ಲ ಸರ್. ತೂಕ ಇಳಿಸಿದರೆ ಜಾಸ್ತಿ ಹಾರುತ್ತದೆ ಅಂತ ಒಂದು ಮೆಸೇಜ್ ನೋಡಿ ತೆಗೆದೆ. ಒಳಗೆ ಒಂದು ಕಪ್ಪು ಸ್ಪಂಜ್ ಚೂರು ಇತ್ತು, ಅದೂ ಉದುರಿತು.

ರಿಪೇರಿಯವರು: ಸಿಕ್ಕಿತು. ಇಂಥ ಕೇಸ್ ಬಂದರೆ ಕೆಲಸ ಮಾಡೋಕೆ ಖುಷಿ ಮೇಡಂ. ಎತ್ತರ ಹಿಡಿದು ನಿಲ್ಲಿಸುವುದು ಬಾರೊಮೀಟರ್, ಅಂದರೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್. ಒಂದು ಮೀಟರ್ ಮೇಲೇರಿದರೆ ಗಾಳಿಯ ಒತ್ತಡ ಸುಮಾರು 11 ಪಾಸ್ಕಲ್ ಕಡಿಮೆ ಆಗುತ್ತದೆ. ಅಷ್ಟು ಸಣ್ಣ ವ್ಯತ್ಯಾಸವನ್ನು ಅದು ಅಳೆಯಬೇಕು. ಬೋರ್ಡಿನಲ್ಲಿ ಅಕ್ಕಿಕಾಳಿನಷ್ಟು ಅಗಲದ ಲೋಹದ ಡಬ್ಬಿ, ಮೇಲೆ ಸಣ್ಣ ತೂತು ಕಾಣುತ್ತದಲ್ಲ, ಅದೇ. ಒಳಗಿರುವುದು ಸಿಲಿಕಾನ್. ಅದರ ಮೇಲೆ ಬೆಳಕು ಬಿದ್ದರೆ ಅದೇ ಸ್ವಲ್ಪ ಕರೆಂಟ್ ಹುಟ್ಟಿಸಿ ಲೆಕ್ಕ ಕೆಡಿಸುತ್ತದೆ. ನೆರಳಿಂದ ಬಿಸಿಲಿಗೆ ಬಂದ ಕ್ಷಣ ಡ್ರೋನಿಗೆ ತಾನು ಕೆಳಗೆ ಬಿದ್ದೆ ಅನ್ನಿಸುತ್ತದೆ, ಏರುತ್ತದೆ. ಕೆಲವು ಸಲ ಉಲ್ಟಾ. ಟ್ಯೂಬ್‌ಲೈಟ್ ಬೆಳಕು ಬಿಸಿಲಿನಷ್ಟು ಇರಲ್ಲ, ಅದಕ್ಕೇ ಹಾಲ್‌ನಲ್ಲಿ ಗೊತ್ತಾಗಲಿಲ್ಲ. ಕವರ್ ಇಲ್ಲದ್ದರಿಂದ ರೆಕ್ಕೆಯ ಗಾಳಿಯೂ ನೇರ ಹೊಡೆಯುತ್ತದೆ.

ಹಳೇ ಇಯರ್‌ಫೋನಿನ ಕಪ್ಪು ಸ್ಪಂಜ್ ಕತ್ತರಿಸಿ ಆ ಡಬ್ಬಿ ಮೇಲೆ ಕೂರಿಸಿ, ಕವರ್ ಹಾಕಿ ಮುಚ್ಚಿ. ತೂತು ಉಸಿರಾಡಬೇಕು. ಟೇಪ್ ಅಂಟಿಸಿದರೆ ಸೆನ್ಸರ್ ಇದ್ದೂ ಇಲ್ಲದಂತೆ. ಫೆವಿಕ್ವಿಕ್ ಆ ಕಡೆ ತರಲೇಬೇಡಿ.

ಕೆ.ಆರ್. ಪುರ: ಸರ್ ಆಂಟೆನಾ?

ಬಸವನಗುಡಿ: ಇದೇ ಮಾಡೆಲ್ ಮಂಗಳೂರಿನಲ್ಲಿ ನಮ್ಮ ಅಕ್ಕನ ಮಗನ ಹತ್ತಿರ ಇದೆ. ಅಲ್ಲಿ ಒಂದು ನಿಮಿಷ ಜಾಸ್ತಿ ಹಾರುತ್ತದೆ. ಬೆಂಗಳೂರು ಎತ್ತರದಲ್ಲಿದೆ ಅಂತನಾ?

ಹೆಬ್ಬಾಳ: ಹಹ್ಹಹ್ಹಾ, ಇದೇನು ಹಿಮಾಲಯನಾ?

ರಿಪೇರಿಯವರು: ನಗಬೇಡಿ, ಒಳ್ಳೆ ಪ್ರಶ್ನೆ. ನಾವಿರುವುದು 900 ಮೀಟರ್ ಮೇಲೆ. ಕರಾವಳಿಗಿಂತ ಗಾಳಿ ಶೇಕಡ 8ರಷ್ಟು ತೆಳು, ರೆಕ್ಕೆಗೆ ಹಿಡಿತ ಕಡಿಮೆ. ಆದರೆ ಏಳು ನಿಮಿಷಕ್ಕೆ ಅದು ಅರ್ಧ ನಿಮಿಷವೂ ಆಗಲ್ಲ. ಉಳಿದದ್ದು ನಿಮ್ಮ ಬ್ಯಾಟರಿಗೆ ವಯಸ್ಸಾಗಿರುವುದು.

ಜೆ.ಪಿ. ನಗರ: ಕಬ್ಬನ್ ಪಾರ್ಕಿನಲ್ಲಿ ಹಾರಿಸಬಹುದಾ?

ಯಲಹಂಕ: ಧಾರಾಳವಾಗಿ. 250 ಗ್ರಾಂ ಒಳಗಿದ್ದರೆ ಯಾವ ರೂಲ್ಸೂ ಇಲ್ಲ.

ಹಲಸೂರು: ತಪ್ಪು. 2021ರ ಡ್ರೋನ್ ನಿಯಮದಲ್ಲಿ ನ್ಯಾನೊ ಡ್ರೋನಿಗೆ, ಅಂದರೆ ಆ 250 ಗ್ರಾಂ ಒಳಗಿನದಕ್ಕೆ, ಪೈಲಟ್ ಸರ್ಟಿಫಿಕೇಟ್ ಬೇಡ ಅಂತ ಇದೆ. ಎಲ್ಲಿ ಬೇಕಾದರೂ ಹಾರಿಸಿ ಅಂತ ಇಲ್ಲ. ವಿಮಾನ ನಿಲ್ದಾಣದಿಂದ 8 ಕಿಲೋಮೀಟರ್ ಒಳಗೆ ಗ್ರೀನ್ ಝೋನೇ (ಅನುಮತಿ ಕೇಳದೆ ಹಾರಿಸಬಹುದಾದ ಜಾಗ) ಇಲ್ಲ. 8ರಿಂದ 12ರ ನಡುವೆ 200 ಅಡಿ ತನಕ ಮಾತ್ರ. ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ನೋಡಿ.

ಯಲಹಂಕ: ನಾನು ದಿನಾ ನಮ್ಮ ಟೆರೇಸ್ ಮೇಲೆ ಹಾರಿಸುತ್ತೇನೆ. ಯಾರೂ ಕೇಳಿಲ್ಲ.

ಹಲಸೂರು: ಏರ್‌ಫೋರ್ಸ್ ಸ್ಟೇಷನ್ ಪಕ್ಕ ಕೂತು ಇದನ್ನು ಗ್ರೂಪಿನಲ್ಲಿ ಬೇರೆ ಹೇಳುತ್ತೀರಲ್ಲ. ಭೇಷ್.

ಯಲಹಂಕ: ನೀವೇನು ಪೊಲೀಸಾ?

ಜೆ.ಪಿ. ನಗರ: ನಾನು ಕೇಳಿದ್ದು ಕಬ್ಬನ್ ಪಾರ್ಕ್.

ಹಲಸೂರು: ಪಕ್ಕದಲ್ಲಿ ವಿಧಾನಸೌಧ ಇದೆ. ಸ್ವಲ್ಪ ತಲೆ ಓಡಿಸಿ ಸಾರ್.

ರಾಜಾಜಿನಗರ: ನಾನು 7.4 ವೋಲ್ಟ್ ಬ್ಯಾಟರಿ ಹಾಕಿ ಸ್ಪೀಡ್ ಮಾಡೋಣ ಅಂತಿದ್ದೇನೆ.

ರಿಪೇರಿಯವರು: 3.7ರ ಬೋರ್ಡಿಗಾ? ಹೊಗೆ ಬರುತ್ತದೆ.

ರಾಜಾಜಿನಗರ: ಹಾಗಾದರೆ ಬ್ರಷ್‌ಲೆಸ್ ಮೋಟರ್?

ರಿಪೇರಿಯವರು: ಅದಕ್ಕೆ ಮೋಟರ್ ವೇಗ ನಿಯಂತ್ರಿಸುವ ಇಎಸ್‌ಸಿ ಬೇಕು, ಬೇರೆ ಬೋರ್ಡ್ ಬೇಕು, ಬೇರೆ ಫ್ರೇಮ್ ಬೇಕು. ನಿಮ್ಮ ಹಳೇ ಡ್ರೋನಿನಲ್ಲಿ ಉಳಿಯುವುದು ಸ್ಕ್ರೂ ಮಾತ್ರ. ಬಿಡಿಭಾಗ ತಂದು ಹೊಸದೇ ಕಟ್ಟಿ, ಕಲಿಯಬಹುದು. 2022ರ ಫೆಬ್ರವರಿಯಿಂದ ಪೂರ್ತಿ ಡ್ರೋನ್ ಆಮದಿಗೆ ನಿಷೇಧ ಇದೆ, ಬಿಡಿಭಾಗಕ್ಕೆ ಇಲ್ಲ.

ಯಲಹಂಕ: ನೋಡಿ, ಇನ್ನೊಂದು ರೂಲ್ಸ್. ಹಲಸೂರಿನವರಿಗೆ ಹಬ್ಬ.

ಹೆಬ್ಬಾಳ: ಸರ್ 800 ಎಂಎಎಚ್ ಆದರೂ ಹಾಕಬಹುದಾ?

ರಿಪೇರಿಯವರು: ಕನ್ನಡದಲ್ಲೇ ಬರೆದಿದ್ದೇನೆ, ಮೇಲಿದೆ.

ಕೆ.ಆರ್. ಪುರ: ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವವರಿಗೆ ಉತ್ತರ ಸಿಗುತ್ತದೆ. ನಮಗಿಲ್ಲ. ಇರಲಿ.

ಅಡ್ಮಿನ್: ದಯವಿಟ್ಟು ಸಮಾಧಾನ. ಹಲಸೂರು, ಯಲಹಂಕ, ನಿಮ್ಮ ಮಾತು ಪರ್ಸನಲ್ ಮೆಸೇಜಿನಲ್ಲಿ ಇಟ್ಟುಕೊಳ್ಳಿ.

ಮಲ್ಲೇಶ್ವರ: ಉಪ್ಪು ನೀರಿನ ವಿಡಿಯೊ ಕಳಿಸಿದ್ದೇನೆ, ಆಸಕ್ತಿ ಇದ್ದವರು ನೋಡಿ.

ರಿಪೇರಿಯವರು: ಅಡ್ಮಿನ್, ಇದನ್ನು ಡಿಲೀಟ್ ಮಾಡುತ್ತೀರೋ, ನಾನು ಹೊರಡಲೋ?

ಅಡ್ಮಿನ್: ಮಾಡಿದೆ ಸರ್.

ವಿಜಯನಗರ: ಸರ್, ಬ್ಯಾಟರಿ ಮರಳಿನಲ್ಲಿ ಇಟ್ಟೆ. ಮಗ ಮುಖ ಊದಿಸಿಕೊಂಡಿದ್ದಾನೆ, ಈಗಲೇ ಆನ್‌ಲೈನ್‌ನಲ್ಲಿ ಹೊಸದು ಬುಕ್ ಮಾಡು ಅಂತಾನೆ. 3.7 ವೋಲ್ಟ್ 500 ಎಂಎಎಚ್ ಅಂತ ಇದ್ದರೆ ಸಾಕಾ?

ರಿಪೇರಿಯವರು: ಸಾಲದು. ಉದ್ದ, ಅಗಲ, ದಪ್ಪ ಅಳೆಯಿರಿ. ಕನೆಕ್ಟರ್ ಫೋಟೊ ಹಾಕಿ. ನೋಡೋಕೆ ಒಂದೇ ಥರ ಇದ್ದರೂ ಕೆಲವು ಕಂಪನಿಯದರಲ್ಲಿ ಪ್ಲಸ್ ಮೈನಸ್ ಉಲ್ಟಾ ಇರುತ್ತದೆ. ಕನೆಕ್ಟರ್ ಸಿಕ್ಕಿಸಿದ ಕೂಡಲೇ ಬೋರ್ಡ್ ಸುಡುತ್ತದೆ. ಕೆಂಪು ವೈರ್ ಯಾವ ಕಡೆ ಇದೆ ಅಂತ ಹಳೇದರ ಜೊತೆ ಹೋಲಿಸಿ, ಆಮೇಲೆ ದುಡ್ಡು ಕಟ್ಟಿ.