ಕೆರೆಯ ಹಕ್ಕಿಗಳಿಗೆ ಸೂಪರ್‌ಜೂಮ್ ಕ್ಯಾಮೆರಾ: ಎಸ್‌ಎಕ್ಸ್70 ಸಾಕಾ, ಪಿ950 ಬೇಕಾ?

ಕೆರೆದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವನು. ಚಳಿಗಾಲದಲ್ಲಿ ನಮ್ಮ ಮಾಗಡಿ ಕೆರೆಗೆ (ಬೆಂಗಳೂರು ಹತ್ತಿರದ ಮಾಗಡಿ ಅಲ್ಲ, ಶಿರಹಟ್ಟಿ ತಾಲೂಕಿನದು) ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, ಅವನ್ನು ನೋಡೋದು ನನಗೊಂದು ಹುಚ್ಚು. ನೋಡೋಕೆ ಬೈನಾಕ್ಯುಲರ್ ಇದೆ, ತೊಂದರೆಯಿಲ್ಲ. ಆದರೆ ಫೋನಿನಲ್ಲಿ ಫೋಟೋ ತೆಗೆದರೆ ನೀರಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಹಾರಿಬಿಡುತ್ತವೆ.

ಬಜೆಟ್ 40 ಸಾವಿರದ ಆಸುಪಾಸು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಕೆನಾನ್ ಎಸ್‌ಎಕ್ಸ್70 ಎಚ್‌ಎಸ್, ನಿಕಾನ್ ಪಿ900 ಅಥವಾ ಪಿ950, ಕೊಡಾಕ್ ಎಝೆಡ್528, ಇಷ್ಟು ಹೆಸರು ಬರೆದಿಟ್ಟುಕೊಂಡಿದ್ದೇನೆ. ಒಂದು 65 ಪಟ್ಟು ಜೂಮ್ ಅನ್ನುತ್ತದೆ, ಇನ್ನೊಂದು 83, ಮತ್ತೊಂದು 52. ಜಾಸ್ತಿ ಇದ್ದದ್ದೇ ಒಳ್ಳೆಯದಾ? ಕೈಯಲ್ಲಿ ಹಿಡಿದು ಬಳಸಿದವರು ಹೇಳಿ, ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ. ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾ) ತಗೊಳ್ಳಿ ಅನ್ನುವವರು ದಯವಿಟ್ಟು ಲೆನ್ಸ್ ಬೆಲೆನೂ ಸೇರಿಸಿ ಹೇಳಿ.

ಮಿಂಚುಳ್ಳಿ:

ನನ್ನ ಹತ್ತಿರ ಎಸ್‌ಎಕ್ಸ್70 ಇದೆ, ಹೊಸದೇ ತಗೊಂಡಿದ್ದು. 2018ರಲ್ಲಿ ಬಂದ ಮಾಡೆಲ್ ಅದು, ಅಂದರೆ ಹಳೆಯದೇ. ಆದರೆ ಈ ಜಾತಿಯ ಕ್ಯಾಮೆರಾಗಳಲ್ಲಿ ಆಮೇಲೆ ಹೇಳಿಕೊಳ್ಳುವಂಥದ್ದು ಏನೂ ಬದಲಾಗಿಲ್ಲ.

ಮೊದಲು ಖುಷಿಯ ವಿಷಯ. 610 ಗ್ರಾಂ ತೂಕ, ಕೊರಳಿಗೆ ಹಾಕಿಕೊಂಡು ಬೆಳಗ್ಗೆಯೆಲ್ಲ ತಿರುಗಿದರೂ ಕುತ್ತಿಗೆ ನೋಯಲ್ಲ. 21 ಮಿ.ಮೀ.ನಿಂದ 1365 ಮಿ.ಮೀ.ವರೆಗೆ ಒಂದೇ ಲೆನ್ಸ್ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಇಡೀ ಕೆರೆ ಒಂದು ಫ್ರೇಮಿನಲ್ಲಿ, ಮರುಕ್ಷಣ ದಂಡೆಯ ಮೇಲಿನ ಒಂದೇ ಬೆಳ್ಳಕ್ಕಿ. ಲೆನ್ಸ್ ಪಕ್ಕದಲ್ಲಿ ಒಂದು ಬಟನ್ ಇದೆ, ಅದನ್ನು ಒತ್ತಿ ಹಿಡಿದರೆ ಜೂಮ್ ಹಿಂದಕ್ಕೆ ಬಂದು ಅಗಲ ನೋಟ ತೋರಿಸುತ್ತದೆ, ಬಿಟ್ಟರೆ ಮತ್ತೆ ಅಷ್ಟೇ ಜೂಮಿಗೆ ಹೋಗುತ್ತದೆ. ಕೇಳೋಕೆ ಸಣ್ಣ ವಿಷಯ ಅನ್ನಿಸಬಹುದು. ಪೂರ್ತಿ ಜೂಮಿನಲ್ಲಿ ಹಕ್ಕಿ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರಿದರೆ ಸಾಕು, ಪರದೆಯ ತುಂಬ ಬರೀ ಎಲೆ, ಎಲ್ಲಿದ್ದೀವಿ ಅಂತಲೇ ಗೊತ್ತಾಗಲ್ಲ. ಆಗ ಈ ಬಟನ್ ಇಲ್ಲದಿದ್ದರೆ ಕಷ್ಟ.

ಇನ್ನು ಬೇಜಾರಿನ ವಿಷಯ. ಬೆಳಕು ಕಡಿಮೆಯಾದರೆ ಆಟ ಮುಗಿಯಿತು. ಸೆನ್ಸರ್ 1/2.3 ಇಂಚಿನದು, ಚಿಕ್ಕದು. ಪೂರ್ತಿ ಜೂಮಿನಲ್ಲಿ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ತೂತು, ಎಫ್/6.5 (ಈ ಅಂಕಿ ಹೆಚ್ಚಾದಷ್ಟೂ ಬೆಳಕು ಕಡಿಮೆ). ಸೂರ್ಯ ಹುಟ್ಟುವ ಮೊದಲು, ಅಥವಾ ಮಲೆನಾಡಿನ ಮರದ ನೆರಳಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ತಾನಾಗೇ ಏರುತ್ತದೆ, ಗರಿಗಳೆಲ್ಲ ಕಲಸಿ ಹೋಗುತ್ತವೆ. ನಾನು ಆಟೋ ಐಎಸ್‌ಒ ಮಿತಿಯನ್ನು 800ಕ್ಕೆ ಕಟ್ಟಿ ಹಾಕಿದ್ದೇನೆ. ಅದಕ್ಕಿಂತ ಮೇಲೆ ಹೋದರೆ ಹಕ್ಕಿ ಯಾವುದು ಅಂತ ಗುರುತು ಸಿಗುತ್ತದೆ, ಗೋಡೆಗೆ ಹಾಕುವ ಫೋಟೋ ಸಿಗಲ್ಲ. ಮಾಗಡಿ ಕೆರೆ ಬಯಲಿನಲ್ಲಿದೆ ಅಲ್ವಾ, ನಿಮಗೆ ಬೆಳಕಿನ ಚಿಂತೆ ಕಡಿಮೆ.

ಹಾರುವ ಹಕ್ಕಿಗೆ ಮಾತ್ರ ಇದನ್ನು ನಂಬಬೇಡಿ. ಗರುಡ ನಿಧಾನವಾಗಿ ಸುತ್ತು ಹೊಡೆಯುತ್ತಿದ್ದರೆ ಸಿಗುತ್ತದೆ. ಕವಲುತೋಕೆ ಥರದ್ದನ್ನು ಹಿಡಿಯೋಕೆ ಹೋದರೆ ಖಾಲಿ ಆಕಾಶದ ಫೋಟೋ ಸಂಗ್ರಹ ಆಗುತ್ತದೆ ಅಷ್ಟೇ.

ಹದಿನಾರು ಕೆರೆ:

ಮೈಸೂರು ಕಡೆಯಿಂದ ಪಿ900 ಬಳಸುವವನು. ಪಟ್ಟೆತಲೆ ಹೆಬ್ಬಾತು ಅಂದ ತಕ್ಷಣ ಓಡಿ ಬಂದೆ, ಯಾಕೆಂದರೆ ನಂಜನಗೂಡು ತಾಲೂಕಿನ ಹದಿನಾರು ಕೆರೆಗೂ ಅವು ಬರುತ್ತವೆ.

ಸರ್, ನಿಮಗೆ ಒಂದು ವಿಷಯ ಗೊತ್ತಿರಬಹುದು. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳ ಕತ್ತಿಗೆ ಬಣ್ಣದ ಪಟ್ಟಿ ಹಾಕಿ ಬಿಡುತ್ತಾರೆ, ಅದರ ಮೇಲೆ ಅಕ್ಷರ, ಅಂಕಿ ಇರುತ್ತದೆ. ಅಂಥ ಹಕ್ಕಿ ನಮ್ಮ ಕೆರೆಗೆ ಬಂದಾಗ ಆ ಅಂಕಿ ಓದೋಕೆ ಆದರೆ ಅದು ಎಲ್ಲಿಂದ ಬಂತು, ಯಾವ ವರ್ಷ ಪಟ್ಟಿ ಹಾಕಿದ್ದು ಅಂತ ತಿಳಿಯುತ್ತದೆ. ಬೈನಾಕ್ಯುಲರಿನಲ್ಲಿ ಪಟ್ಟಿ ಇರೋದು ಕಾಣುತ್ತದೆ, ಅಂಕಿ ಓದೋದು ಕಷ್ಟ. ಈ ಕೆಲಸಕ್ಕೆ 2000 ಮಿ.ಮೀ. ನಿಜವಾಗಿಯೂ ಬೇಕು. ಫೋಟೋ ಚಂದ ಇದೆಯೋ ಇಲ್ಲವೋ ಯಾರು ಕೇಳುತ್ತಾರೆ, ಅಂಕಿ ಓದಿದರೆ ಸಾಕು.

65 ಮತ್ತು 83ರ ಲೆಕ್ಕ ನೋಡಿ ಮೋಸ ಹೋಗಬೇಡಿ. ಆ ಪಟ್ಟು ಅನ್ನೋದು ಆ ಲೆನ್ಸ್ ಎಲ್ಲಿಂದ ಶುರುವಾಗುತ್ತದೆ ಅನ್ನೋದರ ಮೇಲೆ ನಿಂತಿದೆ. ಕೆನಾನ್ 21ರಿಂದ, ನಿಕಾನ್ 24ರಿಂದ. ಕೊನೆಯ ಅಂಕಿ ನೋಡಿ: 1365, 2000. ಚಂದ್ರನಿಗೆ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. 1365ರಲ್ಲಿ ಚಂದ್ರ ಫ್ರೇಮಿನ ಅರ್ಧ ಎತ್ತರಕ್ಕೆ ಬರುತ್ತಾನೆ, 2000ದಲ್ಲಿ ಮುಕ್ಕಾಲು. ಪಿ1000 ಅಂತ ಇದೆಯಲ್ಲ, 3000 ಮಿ.ಮೀ., ಅದರಲ್ಲಿ ಚಂದ್ರ ಫ್ರೇಮಿನಿಂದ ಆಚೆಗೇ ಹೋಗುತ್ತಾನೆ. ಆದರೆ ಅದರ ತೂಕ 1.4 ಕೆ.ಜಿ. ದಾಟುತ್ತದೆ, ಹೊರುವವರು ಹೊರಲಿ.

ಪಿ900ಗೂ ಪಿ950ಗೂ ಲೆನ್ಸಿನ ಉದ್ದ ಒಂದೇ. 950ರಲ್ಲಿ ರಾ ಫೈಲ್ (ಆಮೇಲೆ ತಿದ್ದಿಕೊಳ್ಳಲು ಬರುವ ಕಚ್ಚಾ ಫೋಟೋ) ಸಿಗುತ್ತದೆ, 4ಕೆ ವಿಡಿಯೋ ಇದೆ, ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಎಷ್ಟೋ ವಾಸಿ. 900ರಲ್ಲಿ ಬರೀ ಜೆಪೆಗ್. ರಾ ಫೈಲನ್ನು ಕಂಪ್ಯೂಟರಿನಲ್ಲಿ ಕೂತು ತಿದ್ದುವ ತಾಳ್ಮೆ ಇಲ್ಲದಿದ್ದರೆ 900 ಸಾಕು, ಸೆಕೆಂಡ್ ಹ್ಯಾಂಡಿನಲ್ಲಿ ನಿಮ್ಮ ಬಜೆಟ್ಟಿಗೂ ಹೊಂದುತ್ತದೆ. ಆದರೆ 900 ಗ್ರಾಂ ತೂಕ, ಹೋಗಿ ಕೈಯಲ್ಲಿ ಹಿಡಿದು ನೋಡಿಯೇ ತಗೊಳ್ಳಿ.

ಫಿಸಿಕ್ಸ್ ಮೇಷ್ಟ್ರು:

ಡಿಎಸ್‌ಎಲ್‌ಆರ್ ಪರವಾಗಿ ನಾನು ಬರುತ್ತೇನೆ, ಬೆಲೆ ಸಮೇತ ಅಲ್ಲ, ಲೆಕ್ಕ ಸಮೇತ. ಬೆಲೆ ದಿನಕ್ಕೊಂದು ಥರ ಇರುತ್ತದೆ.

ಹಳೆಯ 24 ಮೆಗಾಪಿಕ್ಸೆಲ್ ಬಾಡಿ, ಜೊತೆಗೆ 55-250 ಲೆನ್ಸ್, ಇದು ನಿಮ್ಮ ಬಜೆಟ್ಟಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ ಅಂದುಕೊಳ್ಳಿ. ಕೆನಾನ್‌ನ ಸೆನ್ಸರ್ ಅಳತೆಗೆ ಅದು 400 ಮಿ.ಮೀ. ಆಗುತ್ತದೆ. ಎಸ್‌ಎಕ್ಸ್70ರ 1365ಕ್ಕೆ ಸಮ ಮಾಡಬೇಕು ಅಂದರೆ ಫೋಟೋವನ್ನು ಕತ್ತರಿಸಬೇಕು, ಕತ್ತರಿಸಿದ ಮೇಲೆ ಉಳಿಯೋದು ಸುಮಾರು 2 ಮೆಗಾಪಿಕ್ಸೆಲ್. ವಾಟ್ಸ್‌ಆಪ್‌ಗೆ ಸಾಕು, ಹೆಚ್ಚಿಗೆ ಕೇಳಬೇಡಿ. ಆದರೆ ಹತ್ತಿರದ ಹಕ್ಕಿಗೆ ಆ ಫೋಟೋ ಸೂಪರ್‌ಜೂಮಿಗಿಂತ ತುಂಬಾ ಮೇಲೆ. ರಂಗನತಿಟ್ಟಿನ ದೋಣಿ, ಕೊಕ್ಕರೆ ಬೆಳ್ಳೂರಿನ ಹುಣಸೆ ಮರ, ಇಂಥ ಕಡೆ ಹಕ್ಕಿ ಹತ್ತಿರದಲ್ಲೇ ಕೂತಿರುತ್ತದೆ, ಅಲ್ಲಿ 400 ಧಾರಾಳ ಸಾಕು.

ನಿಜವಾದ ಉದ್ದ ಬೇಕು ಅಂದರೆ 150-600 ಲೆನ್ಸ್. ಸಿಗ್ಮಾದ ಹಗುರವಾದದ್ದೇ 1.9 ಕೆ.ಜಿ. ಇದೆ. ಅದರ ಬೆಲೆ ಕೇಳಿದರೆ ನಿಮ್ಮ ಬಜೆಟ್ ಅಲ್ಲಿಗೇ ಖಾಲಿ, ಬಾಡಿ ಆಮೇಲೆ.

ಇನ್ನೊಂದು ಮಾತು. ಬೆಳಕು ಒಳಗೆ ಬರುವ ತೂತಿನ ಅಗಲ ನೋಡಿ. 1365 ಅನ್ನೋದು 35 ಮಿ.ಮೀ. ಫಿಲ್ಮ್ ಕ್ಯಾಮೆರಾಗೆ ಹೋಲಿಸಿ ಹೇಳುವ ಅಂಕಿ; ಎಸ್‌ಎಕ್ಸ್70ರ ನಿಜವಾದ ಫೋಕಲ್ ಲೆಂತ್ 247 ಮಿ.ಮೀ., ಅದನ್ನು 6.5ರಿಂದ ಭಾಗಿಸಿದರೆ 38 ಮಿ.ಮೀ. ಪಿ900, ಪಿ950ರದ್ದು 357 ಭಾಗಿಸು 6.5, ಅಂದರೆ 55 ಮಿ.ಮೀ. 150-600ರದ್ದು 95. ಒಂದೇ ಹಕ್ಕಿ, ಒಂದೇ ದೂರ, ಒಂದೇ ಶಟರ್ ಸ್ಪೀಡ್ ಇದ್ದಾಗ ಆ ಹಕ್ಕಿಯಿಂದ ಎಷ್ಟು ಬೆಳಕು ಕ್ಯಾಮೆರಾದ ಒಳಗೆ ಬರುತ್ತದೆ ಅನ್ನೋದನ್ನು ಈ ಅಂಕಿ ಹೇಳುತ್ತದೆ, ಡಬ್ಬಿಯ ಮೇಲಿನ ಪಟ್ಟು ಹೇಳಲ್ಲ. ನಿಮ್ಮ ಪಟ್ಟಿಯಲ್ಲಿ ನಿಕಾನ್ ಮುಂದೆ ಇರೋದು ಇದಕ್ಕೇ. ಅದರ ಮುಂದಿನ ಗಾಜು ದೊಡ್ಡದು, ಅದಕ್ಕೇ ತೂಕ.

ಕೆರೆದಂಡೆ:

ಮೇಷ್ಟ್ರೇ, ಈ ತೂತಿನ ಲೆಕ್ಕ ಯಾವ ವಿಡಿಯೋದಲ್ಲೂ ಯಾರೂ ಹೇಳಿರಲಿಲ್ಲ. ಹಾಗಾದರೆ ಪಿ900 ಸೆಕೆಂಡ್ ಹ್ಯಾಂಡ್ ಕಡೆಗೆ ಮನಸ್ಸು ವಾಲುತ್ತಿದೆ. ಕೊಡಾಕ್ ಬಗ್ಗೆ ಯಾರೂ ಮಾತಾಡಲೇ ಇಲ್ಲ? ಮತ್ತೆ ಹಳೆಯದು ತಗೊಳ್ಳುವಾಗ ಏನು ನೋಡಬೇಕು?

ಹಳೇಡಬ್ಬಿ:

ಕೊಡಾಕ್ ಅನ್ನೋದು ಈಗ ಹೆಸರು ಮಾತ್ರ. ಎಝೆಡ್528 ಸೇರಿದಂತೆ ಪಿಕ್ಸ್‌ಪ್ರೋ ಕ್ಯಾಮೆರಾಗಳನ್ನು ಜೆಕೆ ಇಮೇಜಿಂಗ್ ಎಂಬ ಕಂಪನಿ ಆ ಹೆಸರಿನ ಲೈಸೆನ್ಸ್ ಪಡೆದು ಮಾರುತ್ತದೆ. ಎಝೆಡ್528ರಲ್ಲಿ 1248 ಮಿ.ಮೀ. ಇದೆ, ಆದರೆ ವ್ಯೂಫೈಂಡರ್ ಇಲ್ಲ, ರಾ ಇಲ್ಲ. ಮಕ್ಕಳಿಗೆ, ಪ್ರವಾಸಕ್ಕೆ ಅಡ್ಡಿಯಿಲ್ಲ. ನಿಮ್ಮ ಕೆಲಸಕ್ಕೆ ವ್ಯೂಫೈಂಡರ್ ಇಲ್ಲದೇ ಇರೋದು ದೊಡ್ಡ ಕೊರತೆ. ಬಯಲಿನ ಬಿಸಿಲಲ್ಲಿ ಹಿಂದಿನ ಪರದೆ ಕಾಣಲ್ಲ, ಕೈ ಚಾಚಿ ಹಿಡಿದರೆ ಅಷ್ಟು ಜೂಮಿನಲ್ಲಿ ನಡುಗುತ್ತದೆ. ಕಣ್ಣಿಗೆ ಒತ್ತಿ ಹಿಡಿದರೆ ಮುಖವೇ ಅರ್ಧ ಸ್ಟ್ಯಾಂಡ್.

ಹಳೆಯದನ್ನು ನೋಡುವಾಗ ಮೊದಲು ಜೂಮ್ ಮೋಟರು. ಪೂರ್ತಿ ಹೊರಗೆ, ಪೂರ್ತಿ ಒಳಗೆ, ನಿಲ್ಲಿಸದೆ ಬಹಳ ಸಲ ಓಡಿಸಿ. ಕರಕರ ಸದ್ದು ಬಂದರೆ, ಎಲ್ಲಾದರೂ ತಡವರಿಸಿದರೆ ವಾಪಸ್ ಕೊಟ್ಟು ಬನ್ನಿ. ಈ ಕ್ಯಾಮೆರಾಗಳ ಲೆನ್ಸ್ ಬಿಚ್ಚಲು ಬರಲ್ಲ, ಒಳಗೆ ಧೂಳು ಹೋದರೆ ನೀವು ಒರೆಸಲು ಆಗಲ್ಲ. ನನ್ನದೊಂದು ಹಳೆಯ ಸೂಪರ್‌ಜೂಮ್ (ಯಾವ ಕಂಪನಿ ಅಂತ ಬೇಡ) ಲೆನ್ಸ್ ಎರರ್ ಅಂತ ಹೇಳಿ ಅರ್ಧಕ್ಕೇ ನಿಂತುಬಿಟ್ಟಿತು. ರಿಪೇರಿಗೆ ಕೇಳಿದ ದುಡ್ಡಿನಲ್ಲಿ ಇನ್ನೊಂದು ಹಳೆಯ ಕ್ಯಾಮೆರಾನೇ ಬರುತ್ತಿತ್ತು.

ಧೂಳು ನೋಡೋಕೆ ಆಕಾಶದ ಕಡೆ ತಿರುಗಿಸಿ. ಅಪರ್ಚರ್ ಅನ್ನು ಎಫ್/8ಕ್ಕೆ ಇಟ್ಟು ಬೇರೆ ಬೇರೆ ಜೂಮಿನಲ್ಲಿ ಫೋಟೋ ತೆಗೆದು, ಅಲ್ಲೇ ದೊಡ್ಡದು ಮಾಡಿ ನೋಡಿ. ಒಂದೇ ಜಾಗದಲ್ಲಿ ಮಸುಕಾದ ಕಪ್ಪು ಚುಕ್ಕೆ ಮತ್ತೆ ಮತ್ತೆ ಬಂದರೆ ಧೂಳು ಒಳಗಿದೆ ಅಂತ. ಮಾರುವವನು "ಅದು ಹಕ್ಕಿ ಸರ್" ಅಂದರೂ ನಂಬಬೇಡಿ :)

ಬ್ಯಾಟರಿ ಒಂದು ಎಕ್ಸ್‌ಟ್ರಾ ಇಟ್ಟುಕೊಳ್ಳಿ. ವ್ಯೂಫೈಂಡರ್ ಎಲೆಕ್ಟ್ರಾನಿಕ್, ಜೂಮಿಗೂ ಮೋಟರು, ಎರಡೂ ಬ್ಯಾಟರಿ ಕುಡಿಯುತ್ತವೆ.

ಮಿಂಚುಳ್ಳಿ:

ಯಾವುದು ತಗೊಂಡರೂ ಒಂದೆರಡು ಸೆಟ್ಟಿಂಗ್. ಡಿಜಿಟಲ್ ಜೂಮ್ ಆಫ್ ಮಾಡಿ, ಅದು ಸುಮ್ನೆ ಕತ್ತರಿಸಿ ಹಿಗ್ಗಿಸೋದು. ಫೋಕಸ್ ಪಾಯಿಂಟ್ ನಡುವೆ ಒಂದೇ, ಚಿಕ್ಕದು. ಇಲ್ಲದಿದ್ದರೆ ಮುಂದಿನ ಜೊಂಡು ಶಾರ್ಪ್ ಆಗಿ ಹಕ್ಕಿ ಮಬ್ಬಾಗುತ್ತದೆ. ಬೆಳ್ಳಕ್ಕಿ, ಬಣ್ಣದ ಕೊಕ್ಕರೆಯಂಥ ಬಿಳಿ ಹಕ್ಕಿಗೆ ಎಕ್ಸ್‌ಪೋಷರ್ ಸ್ವಲ್ಪ ಮೈನಸ್ ಮಾಡಿ, ಮೈನಸ್ ಮುಕ್ಕಾಲಿನ ಹತ್ತಿರ, ಇಲ್ಲದಿದ್ದರೆ ಗರಿಗಳೆಲ್ಲ ಸುಣ್ಣದ ಹಾಗೆ ಬರುತ್ತವೆ. ಅಪರ್ಚರ್ ಮುಚ್ಚಿದರೆ ಶಾರ್ಪ್ ಆಗುತ್ತದೆ ಅನ್ನೋ ಡಿಎಸ್‌ಎಲ್‌ಆರ್ ಬುದ್ಧಿ ಇಲ್ಲಿ ನಡೆಯಲ್ಲ. ಇಷ್ಟು ಚಿಕ್ಕ ಸೆನ್ಸರಿನಲ್ಲಿ ಮುಚ್ಚಿದಷ್ಟೂ ಮಂಕು.

ಹದಿನಾರು ಕೆರೆ:

ಮತ್ತೆ ಸರ್, ಬಿಸಿಲು ಏರುವ ಮೊದಲೇ ಕೆಲಸ ಮುಗಿಸಿ. ಹತ್ತು ಗಂಟೆ ಮೇಲೆ ನೆಲ ಕಾಯುತ್ತದೆ, ಗಾಳಿ ಅಲುಗಾಡೋಕೆ ಶುರುವಾಗುತ್ತದೆ, 2000 ಮಿ.ಮೀ.ನಲ್ಲಿ ಹೆಬ್ಬಾತು ನೀರಿನೊಳಗೆ ಕೂತ ಹಾಗೆ ತೇಲಾಡುತ್ತದೆ. ಆಗ ಯಾವ ಲಕ್ಷದ ಲೆನ್ಸೂ ಅದನ್ನು ಸರಿಮಾಡಲ್ಲ. ಕತ್ತಿನ ಪಟ್ಟಿ ಇರೋದು ಸಿಕ್ಕರೆ ಪಟ್ಟಿಯ ಬಣ್ಣ, ಅಂಕಿ, ತಾರೀಖು ಮೂರನ್ನೂ ಇ-ಬರ್ಡ್‌ನಲ್ಲಿ (ಹಕ್ಕಿ ಕಂಡದ್ದನ್ನು ದಾಖಲಿಸುವ ವೆಬ್‌ಸೈಟ್) ಫೋಟೋ ಸಮೇತ ಹಾಕಿ, ಇಲ್ಲೂ ಹಾಕಿ.

ಕೆರೆದಂಡೆ:

ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ಪಿ900 ಇದೆಯಂತೆ, ಭಾನುವಾರ ಹೋಗಿ ನೋಡುತ್ತೇನೆ. ಎಫ್/8, ಆಕಾಶ, ಕಪ್ಪು ಚುಕ್ಕೆ, ಮೋಟರಿನ ಸದ್ದು, ಎಲ್ಲ ಬರೆದುಕೊಂಡೆ. ಮೋಡ ಇದ್ದರೆ ಧೂಳು ಗೊತ್ತಾಗುತ್ತದಾ?

ಹಳೇಡಬ್ಬಿ:

ಒಂದೇ ಸಮ ಬೂದು ಮೋಡ ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಬಿಳಿ ಗೋಡೆ.