ಫೀಡರ್ ತುಂಬಿದ್ದರೂ ಈ ಚಳಿಗಾಲ ಹಕ್ಕಿ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಇರುವುದು ನ್ಯೂಜೆರ್ಸಿಯಲ್ಲಿ. ಹೋದ ಚಳಿಗಾಲ ಹಕ್ಕಿಗೆ ಕಾಳು ತುಂಬಿಡುವ ಹಿತ್ತಿಲಿನ ಫೀಡರ್‌ಗೆ ಚಿಕಡೀ, ಗೋಲ್ಡ್‌ಫಿಂಚ್ ಎಂಬ ಪುಟ್ಟ ಹಕ್ಕಿಗಳು ಮುತ್ತಿಕೊಳ್ಳುತ್ತಿದ್ದವು. ಈ ಸಲ ಡಿಸೆಂಬರ್ ಅರ್ಧ ಕಳೆದರೂ ಕಾಳು ಇಳಿದಿಲ್ಲ, ಹಳದಿ ಹಕ್ಕಿ ಒಂದೂ ಕಾಣುತ್ತಿಲ್ಲ. ಗೊತ್ತಿದ್ದವರು ಹೇಳಿ.

ಉತ್ತರ 1: ಚಳಿಗಾಲದಲ್ಲಿ ಗೋಲ್ಡ್‌ಫಿಂಚ್ ಅಷ್ಟು ಹಳದಿ ಇರುವುದಿಲ್ಲ. ಚಳಿಗೆ ಮುಂಚೆಯೇ ಪುಕ್ಕ ಬದಲಿಸಿ ಮಾಸಲು ಕಂದಾಗುತ್ತದೆ, ಗುಬ್ಬಿ ಅಂದುಕೊಂಡಿರುತ್ತೀರಿ. ಕಪ್ಪು ರೆಕ್ಕೆಯ ಮೇಲೆ ತಿಳಿ ಪಟ್ಟೆ ಇದ್ದರೆ ಅದೇ. ಆಮೇಲೆ ಗೋಲ್ಡ್‌ಫಿಂಚ್‌ಗೆ ಹಾಕುವ ನೈಜರ್ ಕಾಳು ನೋಡಿ. ಅದು ನಮ್ಮ ಹುಚ್ಚೆಳ್ಳೇ, ಉತ್ತರ ಕರ್ನಾಟಕದವರ ಗುರೆಳ್ಳು. ಮೊಳೆಯದಂತೆ ಶಾಖ ಕೊಟ್ಟು ಅಮೆರಿಕದಲ್ಲಿ ಮಾರುತ್ತಾರೆ. ಹಳತಾದರೆ ಎಣ್ಣೆ ಆರಿಹೋಗುತ್ತದೆ, ಹಕ್ಕಿ ಮೂಸುವುದಿಲ್ಲ. ನಾಲ್ಕು ಕಾಳನ್ನು ಬಿಳಿ ಕಾಗದದ ಮೇಲಿಟ್ಟು ಚಮಚದ ಬೆನ್ನಿನಿಂದ ಅರೆಯಿರಿ. ಎಣ್ಣೆಯ ಕಲೆ ಮೂಡದಿದ್ದರೆ ಎಸೆಯಿರಿ. ಹೊಸದನ್ನು ಫೀಡರ್‌ನ ಅರ್ಧ ಕೊಳವೆ ಮಾತ್ರ ತುಂಬಿಸಿ.

ಉತ್ತರ 2: ತಪ್ಪೆಲ್ಲ ಕಾಳಿನದಲ್ಲ. ಓಕ್ ಕಾಯಿ, ಕಾಡಿನ ಬೀಜ ಹುಲುಸಾಗಿ ಬಿಟ್ಟು ಹಿಮವೂ ಬೀಳದಿದ್ದರೆ ಹಿತ್ತಿಲಿಗೆ ಬರುವ ದರ್ದು ಹಕ್ಕಿಗೆ ಏನಿದೆ? ಕೆನಡಾದ ಕಾಡಿನಲ್ಲಿ ಪೈನ್ ಜಾತಿಯ ಮರಗಳ ಕೋನ್ (ಬೀಜದ ಕಾಯಿ) ಫಸಲು ಕೈಕೊಟ್ಟಾಗ ಉಲ್ಟಾ: ಪೈನ್ ಸಿಸ್ಕಿನ್ ಎಂಬ ಪುಟ್ಟ ಹಕ್ಕಿ ದಂಡುಗಟ್ಟಿ ದಕ್ಷಿಣಕ್ಕಿಳಿಯುತ್ತದೆ, 2020-21ರಲ್ಲಿ ಆದಂತೆ. ಹಾಗಾಗಿ ಒಂದೇ ವರ್ಷಕ್ಕೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ನಿನ್ನೆವರೆಗೆ ಗಿಜಿಗುಟ್ಟುತ್ತಿದ್ದ ಹಿತ್ತಿಲು ಇವತ್ತು ಇದ್ದಕ್ಕಿದ್ದಂತೆ ಸ್ತಬ್ಧವಾಯಿತೆಂದರೆ ಮಾತ್ರ ಮರದ ಕೊಂಬೆ ನೋಡಿ, ಹಕ್ಕಿಗಳನ್ನು ಬೇಟೆಯಾಡುವ ಕೂಪರ್ಸ್ ಹಾಕ್ ಎಂಬ ಗಿಡುಗ ಕೂತಿರಬಹುದು. ಕೆಲವು ದಿನ ಫೀಡರ್ ಇಳಿಸಿಡಿ, ಅದು ಬೇರೆ ಕಡೆ ಹೋಗುತ್ತದೆ.

ಉತ್ತರ 3: ಅದೇ ಸಿಸ್ಕಿನ್‌ಗಳಲ್ಲಿ ಎಷ್ಟೋ 2021ರಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ತಗುಲಿ ಸತ್ತವು. ರೋಗ ಹರಡುವುದು ಹಿಕ್ಕೆ ಬಿದ್ದ ಕಾಳಿನಿಂದ. ಎರಡು ವಾರಕ್ಕೊಮ್ಮೆ ಫೀಡರ್ ಬಿಚ್ಚಿ, ತಳದಲ್ಲಿ ಗಟ್ಟಿಯಾದ ಮುದ್ದೆಯನ್ನು ಕೆರೆದು ತೆಗೆದು, ಸೋಪಿನಲ್ಲಿ ತೊಳೆಯಿರಿ. 1 ಪಾಲು ಬ್ಲೀಚ್, 9 ಪಾಲು ನೀರಿನಲ್ಲಿ 10 ನಿಮಿಷ ನೆನೆಸಿ, ಚೆನ್ನಾಗಿ ಜಾಲಾಡಿಸಿ. ಪೂರ್ತಿ ಒಣಗದೆ ಕಾಳು ಹಾಕಬೇಡಿ. ಬೂಸ್ಟು ಶುರುವಾಗುವುದೇ ಆ ತೇವದಿಂದ. ಕೆಳಗೆ ಬಿದ್ದ ಸಿಪ್ಪೆಯನ್ನೂ ಗುಡಿಸಿ. ಮೈ ಉಬ್ಬಿಸಿಕೊಂಡು, ಹತ್ತಿರ ಹೋದರೂ ಹಾರದೆ ಕೂತ ಹಕ್ಕಿ, ಕಣ್ಣು ಊದಿದ ಹೌಸ್ ಫಿಂಚ್ ಕಂಡರೆ ಎರಡು ವಾರ ಫೀಡರ್ ಪೂರ್ತಿ ತೆಗೆದಿಡಿ.

ಉತ್ತರ 4: ಅಗ್ಗದ ಮಿಶ್ರಣದ ಚೀಲದಲ್ಲಿ ಕೆಂಪು ಜೋಳವೇ ಜಾಸ್ತಿ. ಜೋಳದ ನಾಡಿನವರಿಗೆ ಬೇಜಾರಾಗಬಹುದು, ನ್ಯೂಜೆರ್ಸಿ ಕಡೆಯ ಹೆಚ್ಚಿನ ಹಕ್ಕಿಗಳು ಅದನ್ನು ಕೊಕ್ಕಿನಿಂದ ಆಚೆ ತಳ್ಳುತ್ತವೆ. ಬಿಡಿಬಿಡಿಯಾಗಿ ಕೊಳ್ಳಿ. ಚಿಕಡೀಗೆ ಕಪ್ಪು ಸೂರ್ಯಕಾಂತಿ. ಜುಂಕೋ ನೆಲದಲ್ಲಿ ಹೆಕ್ಕುವ ಹಕ್ಕಿ, ಅದಕ್ಕೆ ಬಿಳಿ ಬರಗು, ಒಂದು ದಿನಕ್ಕೆ ಮುಗಿಯುವಷ್ಟೇ ಚೆಲ್ಲಿ. ಸ್ಟಾರ್ಲಿಂಗ್ ಹಕ್ಕಿಗಳ ಕಾಟವಿದ್ದರೆ ಸೂರ್ಯಕಾಂತಿ ನಿಲ್ಲಿಸಿ ಕುಸುಬೆ ಹಾಕಿ. ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಕಾರ್ಡಿನಲ್ ಹಕ್ಕಿ ಬಿಡುವುದಿಲ್ಲ.